ಬೆಟ್ಟದ ಕಾಲುದಾರಿ ಮತ್ತು ಹೆಣ್ಣಾಳು

(ತಾಲ್ಲೂಕು ಮಹಿಳಾ ಶಿಬಿರದ ಬೆಳಗಿನ ಬೈಠಕ್ಕಿನಲ್ಲಿ ಮಾಡಿದ ಭಾಷಣದ ಪಾಠ)



ಶಿಬಿರದ ವ್ಯವಸ್ಥಾಪಕರು ನನಗೆ ಕೊಟ್ಟಿರುವ ವಿಷಯ ‘ಕಲ್ಲು ಮಣ್ಣಿನ ಕೆಲಸದಲ್ಲಿ ಹೆಂಗಸರು’ ಎಂಬುದು. ಇದನ್ನು ನಿಮಗೆ ನಾನು ಹೇಳಹೊರಟರೆ ಮೀನಿಗೆ ಈಜು ಕಲಿಸಹೊರಟಂತೆ ಆದೀತು. ಇಲ್ಲಿ ಚಾಪೆಯ ಮೇಲೆ ಕುಳಿತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಜಲ್ಲಿ ಹೊತ್ತವರು, ರಸ್ತೆಗೆ ಮಣ್ಣು ಸುರಿದವರು, ಕೆರೆಯ ಹೂಳು ತೆಗೆದವರು. ಆದುದರಿಂದ ನಿಮ್ಮ ಕೆಲಸವನ್ನು ನಿಮಗೇ ವರ್ಣಿಸುವುದು ಬಿಟ್ಟು, ಸಮುದ್ರದಾಚೆ ಇಂಗ್ಲೆಂಡಿನ ಬೆಟ್ಟಗಳಲ್ಲಿ ಕಾಲುದಾರಿ ಕಟ್ಟುವ ಹೆಂಗಸರ ಸಂಗತಿಯನ್ನು ಹೇಳುತ್ತೇನೆ. ನಾನು ಆ ದೇಶವನ್ನು ಕಂಡವಳಲ್ಲ. ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಅಂಟಿಕೊಂಡ ಓದುವ ಚಟ ಬಿಟ್ಟಿಲ್ಲ. ಓದಿ ತಿಳಿದುದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾಲುದಾರಿಗೂ ರಿಪೇರಿಯೇ, ಜನ ನಡೆದರೆ ದಾರಿ ತಾನಾಗಿ ಬೀಳುತ್ತದಲ್ಲ ಎಂದು ಕೇಳಬಹುದು. ಹತ್ತು ಜನ ನಡೆದರೆ ದಾರಿ ಬೀಳುತ್ತದೆ, ಸರಿಯೇ. ಲಕ್ಷ ಜನ ನಡೆದರೆ ಅದೇ ದಾರಿ ಕೊರಕಲಾಗುತ್ತದೆ. ಮೊದಲು ಬೂಟಿನಡಿ ಹುಲ್ಲು ಸಾಯುತ್ತದೆ. ಹುಲ್ಲು ಸತ್ತಮೇಲೆ ಬೇರು ಸಾಯುತ್ತದೆ. ಬೇರಿನ ಹಿಡಿತ ತಪ್ಪಿದ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋಗುತ್ತದೆ. ಕೊರಕಲಿನಲ್ಲಿ ಬರಿ ಕಲ್ಲು ಉಳಿದು ಕಾಲು ಹೊರಳತೊಡಗಿದಾಗ ನಡೆಯುವವರು ಪಕ್ಕದ ಹುಲ್ಲಿನ ಮೇಲೆ ಹೋಗುತ್ತಾರೆ. ಅಲ್ಲಿಯೂ ಅದೇ ಕಥೆ. ಒಂದಾಳು ಅಗಲದ ದಾರಿ ಹೀಗೆ ಹೆದ್ದಾರಿಯಷ್ಟು ಅಗಲದ ಗಾಯವಾಗಿ, ದೂರದ ಕಣಿವೆಯಿಂದಲೂ ಕಾಣುವಂತಾಗುತ್ತದೆ. ಕೊಚ್ಚಿಹೋದ ಮಣ್ಣು ತೊರೆಗೆ ಇಳಿದು, ತೊರೆಯಿಂದ ಸರೋವರಕ್ಕೆ ಹೋಗಿ, ಮೀನು ಮೊಟ್ಟೆಯಿಡುವ ಜಲ್ಲಿಯನ್ನು ಮುಚ್ಚುತ್ತದೆ. ಕೊಡಚಾದ್ರಿಯನ್ನೋ ಕುಮಾರಪರ್ವತವನ್ನೋ ಮಳೆಗಾಲ ಕಳೆದಮೇಲೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರಗಳ ಸೀಮೆ ಇದೆ. ಅಲ್ಲಿಯ ಬೆಟ್ಟಗಳು ಎತ್ತರದಲ್ಲಿ ದೊಡ್ಡವಲ್ಲ. ಇಡೀ ಇಂಗ್ಲೆಂಡಿನಲ್ಲಿಯೇ ಎತ್ತರವೆನಿಸಿದ ಸ್ಕಾಫೆಲ್ ಪೈಕ್ 978 ಮೀಟರ್. ನಮ್ಮ ಕೊಡಚಾದ್ರಿ 1,343. ಆದರೆ ಮಳೆಯಲ್ಲಿ ಅವು ಹಿಂದೆ ಬಿದ್ದಿಲ್ಲ. ಸೀಥ್ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ. ಆಗುಂಬೆ ಅದರ ಎರಡು ಪಟ್ಟು ಕಾಣುತ್ತದೆಂದು ನಾವು ಹೆಮ್ಮೆಪಟ್ಟುಕೊಳ್ಳಬಹುದು, ಆದರೆ ಅಲ್ಲಿ ಮಳೆ ನಾಲ್ಕು ತಿಂಗಳಿಗೆ ನಿಲ್ಲುವುದಿಲ್ಲ, ವರ್ಷವೆಲ್ಲ ಸುರಿಯುತ್ತದೆ, ಚಳಿಗಾಲದಲ್ಲಿ ಮಂಜುಗಡ್ಡೆಯಾಗಿ ಕಲ್ಲನ್ನು ಸೀಳುತ್ತದೆ. ಈ ಸೀಮೆ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಯ ಎತ್ತರದ ದಾರಿಗಳನ್ನು ಕಾಯುವುದಕ್ಕೆಂದು ಈ ಶತಮಾನದ ಆರಂಭದಲ್ಲಿ ‘ಫಿಕ್ಸ್ ದಿ ಫೆಲ್ಸ್’, ಎಂದರೆ ‘ಬೆಟ್ಟ ಸರಿಪಡಿಸಿ’ ಎಂಬ ಯೋಜನೆ ಹುಟ್ಟಿತು. ಅದರ ಪಾಲಿಗಿರುವುದು 344 ದಾರಿಗಳು, ಒಟ್ಟು ಉದ್ದ 410 ಮೈಲಿ.

ಈಗ ಕೆಲಸದ ರೀತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀವು ಕಲ್ಲು ಬಲ್ಲವರು, ನಿಮಗೆ ರುಚಿಸೀತು.

ಕಡಿದಾದ ಇಳಿಜಾರಿನಲ್ಲಿ ಅವರು ಮಾಡುವ ಕೆಲಸಕ್ಕೆ ಪಿಚಿಂಗ್ ಎಂದು ಹೆಸರು. ಹಿಂದಿನ ಕಾಲದ ಹೇರುಕುದುರೆಗಳ ದಾರಿಯಲ್ಲಿ ಬಳಸಿದ್ದ ವಿದ್ಯೆ ಅದು. ಕೆಳಗಿನಿಂದ ಮೇಲಕ್ಕೆ ಕಟ್ಟಿಕೊಂಡು ಹೋಗಬೇಕು. ಒಂದೊಂದು ಕಲ್ಲಿಗೂ ಅದರದೇ ಗುಂಡಿ. ಕಲ್ಲಿನ ದೊಡ್ಡ ಪಾಲು ಮಣ್ಣಿನೊಳಗೆ ಇಳಿಯಬೇಕು, ಪಾದ ಊರುವಷ್ಟು ಮುಖ ಮಾತ್ರ ಮೇಲೆ ಕಾಣಬೇಕು. ಮೇಲಿನ ಕಲ್ಲು ಕೆಳಗಿನದನ್ನು ಒತ್ತಿ ಹಿಡಿಯಬೇಕು. ಸಂದುಗಳು ಒಂದೇ ಗೆರೆಗೆ ಬರಬಾರದು. ಬಂದರೆ ನೀರು ಆ ಗೆರೆಯನ್ನೇ ಹಿಡಿದು ಅಡಿಪಾಯವನ್ನು ಅಗೆಯುತ್ತದೆ. ಸಣ್ಣ ಕಲ್ಲುಗಳನ್ನು ಸಂದಿಗೆ ತುರುಕಿ ಬಡಿದು ಬಿಗಿ ಮಾಡಬೇಕು. ಸಿಮೆಂಟಿನ ಮಾತೇ ಇಲ್ಲ. ಇಷ್ಟೆಲ್ಲ ಮಾಡಿ ಒಬ್ಬ ನುರಿತ ಆಳು ದಿನಕ್ಕೆ ಕಟ್ಟುವುದು ಒಂದೆರಡು ಮೀಟರ್. ಕಲ್ಲು ಹತ್ತಿರದಲ್ಲಿ ಇಲ್ಲದ ಕಡೆ ದೂರದ ಕಲ್ಲುರಾಶಿಯಲ್ಲಿ ಕೈಯಿಂದಲೇ ಆರಿಸಿ, ದೊಡ್ಡ ಚೀಲಗಳಿಗೆ ತುಂಬುತ್ತಾರೆ. ಚೀಲವೊಂದು ಸುಮಾರು ಒಂದು ಟನ್ ತೂಗುತ್ತದೆ. ಅದನ್ನು ಹೆಲಿಕಾಪ್ಟರು ನೇತುಹಾಕಿಕೊಂಡು ಹೋಗಿ ಬೆಟ್ಟದ ನೆತ್ತಿಯಲ್ಲಿ ಇಳಿಸುತ್ತದೆ. ಜೌಗು ನೆಲದಲ್ಲಿ ಕಲ್ಲು ಮುಳುಗಿಹೋಗುವುದರಿಂದ ಅಡಿಗೆ ಕುರಿಯ ಉಣ್ಣೆಯನ್ನು ಹಾಸಿ ಮೇಲೆ ಜಲ್ಲಿ ಹರಡಿ, ದಾರಿ ತೇಲುವಂತೆ ಮಾಡುವುದೂ ಉಂಟು. ಹೆರ್ಡ್‌ವಿಕ್ ಎಂಬ ಅಲ್ಲಿಯ ಕುರಿಯ ಉಣ್ಣೆ ಬಹಳ ಒರಟು, ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ದಾರಿಗಾದರೂ ಅದು ಉಪಯೋಗಕ್ಕೆ ಬಂತು.

ಕಟ್ಟಿದ ಮೇಲೆ ಮುಗಿಯಿತೆಂದು ತಿಳಿಯಬೇಡಿ. ದಾರಿಗೆ ಅಡ್ಡಲಾಗಿ ಕಲ್ಲಿನ ಚರಂಡಿಗಳಿರುತ್ತವೆ. ಎಲೆ, ಮಣ್ಣು, ಕಲ್ಲುಚೂರು ತುಂಬಿ ಚರಂಡಿ ಕಟ್ಟಿದರೆ ಮುಂದಿನ ಮಳೆಗೆ ನೀರು ದಾರಿಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಆದುದರಿಂದ ವರ್ಷದಲ್ಲಿ ಹಲವು ಸಾರಿ ಸಲಿಕೆ ಹಿಡಿದು ಹತ್ತಿ, ಒಂದೊಂದು ಚರಂಡಿಯನ್ನೂ ಬಗೆದು ತೆಗೆಯಬೇಕು. ಮನೆಯ ಕಸ ಗುಡಿಸಿದ ಹಾಗೆ; ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಮಾಡದೆ ಬಿಟ್ಟದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಈ ಚರಂಡಿ ಕೆಲಸವನ್ನು ಹೆಚ್ಚಾಗಿ ಮಾಡುವವರು ಸ್ವಯಂಸೇವಕರು, ನೂರಕ್ಕೂ ಮೀರಿ ಜನ. ಅವರಿಗೆ ಇಟ್ಟ ಹೆಸರು ‘ಲೆಂಗ್ತ್ಸ್‌ಮನ್’. ಹಳೆಯ ಕಾಲದಲ್ಲಿ ರಸ್ತೆ, ರೈಲು, ಕಾಲುವೆಗಳಲ್ಲಿ ಇಷ್ಟು ಉದ್ದಕ್ಕೆ ಇಂಥವನು ಜವಾಬ್ದಾರನೆಂದು ನೇಮಿಸುತ್ತಿದ್ದ ಆಳಿನ ಹೆಸರು ಅದು. ಹೆಸರಿನ ಬಾಲದಲ್ಲಿಯೇ ಗಂಡಸು ಕುಳಿತಿದ್ದಾನೆ, ಕೇಳಿಸಿತಲ್ಲವೆ? ಸಲಿಕೆ ಹಿಡಿದ ಹೆಂಗಸೂ ಆ ಹೆಸರಿಗೇ ಓಗೊಡಬೇಕಾಯಿತು. ನಮ್ಮಲ್ಲಿ ಗ್ಯಾಂಗ್‌ಮನ್ ಎನ್ನುತ್ತೇವೆ, ಲೈನ್‌ಮನ್ ಎನ್ನುತ್ತೇವೆ. ಹೆಸರಿನಲ್ಲಿ ಏನಿದೆ ಎನ್ನುವ ಪಂಡಿತರಿಗೆ ನಾನು ಹೇಳುವುದಿಷ್ಟೆ: ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲದೆ ಒಂದು ದಿನ ದುಡಿದು ನೋಡಿ.

ಈಗ ಬಲದ ಮಾತಿಗೆ ಬರುತ್ತೇನೆ. ಎಲ್ಲಿ ಹೋದರೂ ಮೊದಲು ಕೇಳುವ ಮಾತು ಅದು: “ಹೆಂಗಸಿಗೆ ಈ ಕಲ್ಲು ಏಳುತ್ತದೆಯೆ?” ಬ್ರಿಟನ್ನಿನಲ್ಲಿ ಕೈಯಿಂದ ಭಾರ ಎತ್ತುವ ಕೆಲಸಕ್ಕೆ 1992ರಲ್ಲಿ ನಿಯಮಗಳು ಬಂದವು. ಅವುಗಳ ಜೊತೆಗೆ ಸರ್ಕಾರದ ಸುರಕ್ಷತಾ ಇಲಾಖೆಯ ಮಾರ್ಗದರ್ಶಿ ಇದೆ. ಸೊಂಟದ ಎತ್ತರದಲ್ಲಿ, ಮೈಗೆ ಒತ್ತಿ ಹಿಡಿದು ಎತ್ತುವಾಗ ಗಂಡಸಿಗೆ 25 ಕಿಲೊ, ಹೆಂಗಸಿಗೆ 16 ಕಿಲೊ. ಅದಕ್ಕೆ ಮೀರಿದರೆ ಕೆಲಸದ ರೀತಿಯನ್ನೇ ವಿಚಾರಿಸಿ ನೋಡಬೇಕೆಂದು ಅದು ಹೇಳುತ್ತದೆ. ಇದನ್ನು ಮೇಸ್ತ್ರಿಗಳು ಹೇಗೆ ಓದುತ್ತಾರೆ ನೋಡಿ. ಹದಿನಾರಕ್ಕಿಂತ ಹೆಚ್ಚಾದರೆ ಹೆಂಗಸು ಬೇಡ, ಎಂದು ಓದುತ್ತಾರೆ. ಆದರೆ ಪಿಚಿಂಗಿನ ಕಲ್ಲು ಐವತ್ತು ಕಿಲೊ ಇರುತ್ತದೆ, ನೂರು ಕಿಲೊ ಇರುತ್ತದೆ. ಇಪ್ಪತ್ತೈದರ ಲೆಕ್ಕದಲ್ಲಿ ಗಂಡಸೂ ಅದನ್ನು ಎತ್ತುವ ಹಾಗಿಲ್ಲ! ಹಾಗಾದರೆ ಆ ದಾರಿಗಳೆಲ್ಲ ಹೇಗೆ ಕಟ್ಟಲ್ಪಟ್ಟವು?

ಎತ್ತಿ ಅಲ್ಲ, ಉರುಳಿಸಿ. ಕಲ್ಲುಕುಟಿಗರ ಮಗಳಿಗೆ ಇದು ಹಾಲು ಕುಡಿದಷ್ಟು ಸುಲಭವಾಗಿ ಗೊತ್ತು. ಉದ್ದನೆಯ ಹಾರೆಯ ತುದಿಯನ್ನು ಕಲ್ಲಿನಡಿ ಕೊಟ್ಟು, ಹಾರೆಗೆ ಒಂದು ಚಿಕ್ಕ ಕಲ್ಲನ್ನು ಒತ್ತಾಗಿಟ್ಟು, ಇನ್ನೊಂದು ತುದಿಯನ್ನು ಅದುಮಿದರೆ ಕಲ್ಲು ಮಗ್ಗುಲು ಬದಲಿಸುತ್ತದೆ. ಇಳಿಜಾರು ನಮ್ಮ ಕಡೆ ಇದ್ದರೆ ಕಲ್ಲು ತಾನೇ ನಡೆಯುತ್ತದೆ. ಇಬ್ಬರು ಹಾರೆ ಹಿಡಿದು, ಮೂರನೆಯವಳು ಅಡಿಗೆ ಕಲ್ಲು ಕೊಡುತ್ತ ಬಂದರೆ ಎಮ್ಮೆಯಂಥ ಬಂಡೆಯೂ ಗುಂಡಿಯ ಬಾಯಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಬೇಕಾದ್ದು ಕಣ್ಣಿನ ಕೆಲಸ: ಯಾವ ಮುಖ ಮೇಲಾದರೆ ಕಾಲು ಜಾರುವುದಿಲ್ಲ, ಯಾವ ಮೂಲೆ ಯಾವ ಸಂದಿಗೆ ಕೂಡುತ್ತದೆ ಎಂಬ ಲೆಕ್ಕ. ತೋಳಿನ ಬಲವನ್ನೇ ನೆಚ್ಚಿಕೊಂಡ ಜಟ್ಟಿ ಈ ಕೆಲಸದಲ್ಲಿ ನಲವತ್ತು ವಯಸ್ಸಿಗೆ ಬೆನ್ನು ಹಿಡಿದುಕೊಂಡು ಮನೆಗೆ ಹೋಗುತ್ತಾನೆ. ಹೆಂಗಸಿಗೆ ಹಗುರವಾಗಲೆಂದು ತಂದ ಹಾರೆ, ರಾಟೆ, ಕೈಗಾಡಿಗಳು ಗಂಡಾಳಿನ ಬೆನ್ನನ್ನೂ ಉಳಿಸುತ್ತವೆ. ಇದನ್ನು ನಮ್ಮ ಗಂಡಸು ಸಂಗಾತಿಗಳು ಗಮನವಿಟ್ಟು ಕೇಳಬೇಕೆಂದು ಪ್ರಾರ್ಥಿಸುತ್ತೇನೆ, ಹಿಂದಿನ ಬೆಂಚಿನವರು ವಿಶೇಷವಾಗಿ.

ಹಾಗಾದರೆ ಇದು ಗಂಡಸಿನ ಕೆಲಸವೆಂದು ತೀರ್ಮಾನ ಮಾಡಿದವರು ಯಾರು? ಇದಕ್ಕೆ ಅಮೆರಿಕದಲ್ಲಿ ಒಂದು ಸ್ಪಷ್ಟ ದಾಖಲೆ ಇದೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೋಟ್ಯಂತರ ಜನ ಕೆಲಸ ಕಳೆದುಕೊಂಡಾಗ ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರ 1933ರಲ್ಲಿ ನಿಸರ್ಗ ಸಂರಕ್ಷಣಾ ದಳವೊಂದನ್ನು ಕಟ್ಟಿತು. 1942ರ ವರೆಗೆ ಸುಮಾರು 30 ಲಕ್ಷ ಯುವಕರು ಅದರಲ್ಲಿ ದುಡಿದು ಕಾಡು ಬೆಳೆಸಿದರು, ಬೆಟ್ಟದ ದಾರಿಗಳನ್ನು ಕಡಿದರು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ಮನೆಗೆ ಹೋಗುತ್ತಿತ್ತು. ಹೆಂಗಸರಿಗೆ ಪ್ರವೇಶವಿಲ್ಲ. ನಿರುದ್ಯೋಗಿಗಳಲ್ಲಿ ಹೆಂಗಸರಿರಲಿಲ್ಲವೆ? ಇದ್ದರು. ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಹಟ ಹಿಡಿದು ಹೆಂಗಸರಿಗೂ ಶಿಬಿರಗಳಾಗುವಂತೆ ಮಾಡಿದರು. ಮೊದಲನೆಯದು 1933ರಲ್ಲೇ ನ್ಯೂಯಾರ್ಕ್ ರಾಜ್ಯದ ಬೇರ್ ಮೌಂಟನ್ ಎಂಬಲ್ಲಿ ಆಯಿತು. 1937ರಲ್ಲಿ ಅವು ಮುಚ್ಚುವ ವೇಳೆಗೆ ಅಲ್ಲಿದ್ದು ಹೋದವರು ಸುಮಾರು 8,500 ಮಂದಿ. ಕೈಗೆ ಸಿಕ್ಕಿದ್ದು ವಾರಕ್ಕೆ ಅರ್ಧ ಡಾಲರ್. ಪತ್ರಿಕೆಗಳವರು ಆ ಶಿಬಿರಗಳನ್ನು ಹೀಯಾಳಿಸಿ ಅಡ್ಡಹೆಸರಿಟ್ಟು ನಕ್ಕರು. ಮೂವತ್ತು ಲಕ್ಷದ ಎದುರು ಎಂಟೂವರೆ ಸಾವಿರ! ಇವರಲ್ಲಿ ಯಾರನ್ನೂ ಕಲ್ಲಿನ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡಿರಲಿಲ್ಲ.

ಇಂಗ್ಲೆಂಡಿಗೆ ಹಿಂತಿರುಗೋಣ. ಅಲ್ಲಿ ಬೆಟ್ಟದ ದಾರಿ ಜನಕ್ಕೆ ದಕ್ಕಿದ್ದೇ ಒಂದು ಹೋರಾಟದಿಂದ. ಮ್ಯಾಂಚೆಸ್ಟರು, ಶೆಫೀಲ್ಡುಗಳ ಗಿರಣಿ ಕಾರ್ಖಾನೆಗಳ ಮಧ್ಯೆ ಕಿಂಡರ್ ಸ್ಕೌಟ್ ಎಂಬ ಬೆಟ್ಟವಿದೆ. ಜಮೀನುದಾರರು ಹಕ್ಕಿ ಬೇಟೆಗಾಗಿ ಅದಕ್ಕೆ ಕಾವಲಿಟ್ಟಿದ್ದರು. 1932ರ ಏಪ್ರಿಲ್ 24ರಂದು ನೂರಾರು ಕಾರ್ಮಿಕ ಯುವಜನರು ನಿಷೇಧ ಮೀರಿ ಅದನ್ನು ಹತ್ತಿದರು. ಬೆನ್ನಿ ರೋಥ್‌ಮನ್ ಎಂಬ ಇಪ್ಪತ್ತರ ಹುಡುಗ ಅವರ ಮುಂದಾಳು. ಐದು ಜನಕ್ಕೆ ಎರಡರಿಂದ ಆರು ತಿಂಗಳ ಸಜೆಯಾಯಿತು. ಜೈಲಿಗೆ ಹೋದವರೆಲ್ಲ ಗಂಡಸರು, ಇತಿಹಾಸದಲ್ಲಿ ಹೆಸರೂ ಅವರದೇ ಉಳಿಯಿತು. ಅದಕ್ಕೂ ಎಂಟು ವರ್ಷ ಹಿಂದೆ, 1924ರಲ್ಲಿ, ಶೆಫೀಲ್ಡಿನಲ್ಲಿ ಎಥೆಲ್ ಎಂಬ ಯುವ ವಿಧವೆ ಆ ಸೀಮೆಯ ಬೆಟ್ಟಗಳನ್ನು ಉಳಿಸಲು ಸಂಘ ಕಟ್ಟಿದ್ದಳು. ಮುಂದೆ ಮರುಮದುವೆಯಾಗಿ ಎಥೆಲ್ ಹೇಥಾರ್ನ್‌ತ್ವೇಟ್ ಎಂದು ಹೆಸರಾದಳು. ಪೀಕ್ ಡಿಸ್ಟ್ರಿಕ್ಟ್ 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದುದರ ಹಿಂದೆ ಅವಳ ದಶಕಗಳ ದುಡಿಮೆ ಇದೆ.

ಟಾಮ್ ಸ್ಟೀಫನ್‌ಸನ್ ಎಂಬ ಪತ್ರಿಕೋದ್ಯೋಗಿ 1935ರಲ್ಲಿ ಕಾರ್ಮಿಕ ಪಕ್ಷದ ದಿನಪತ್ರಿಕೆಯಾದ ಡೈಲಿ ಹೆರಾಲ್ಡಿನಲ್ಲಿ, ಇಂಗ್ಲೆಂಡಿನ ಬೆನ್ನೆಲುಬಿನಂತಿರುವ ಪೆನೈನ್ ಬೆಟ್ಟಸಾಲಿನ ಉದ್ದಕ್ಕೂ ಒಂದು ಕಾಲುದಾರಿ ಬೇಕೆಂದು ಬರೆದ. ಹದಿಮೂರು ವರ್ಷವಾದರೂ ಅದು ಕಾಗದದ ಮೇಲೆಯೇ ಇತ್ತು. 1948ರಲ್ಲಿ ಆತ ಕೆಲವು ಪಾರ್ಲಿಮೆಂಟ್ ಸದಸ್ಯರನ್ನು ಆ ದಾರಿಯಲ್ಲಿ ನಡೆಸಿಕೊಂಡು ಹೋದ. ಅವರ ನಡುವೆ ಬ್ಲ್ಯಾಕ್‌ಬರ್ನ್ ಎಂಬ ನೇಕಾರರ ಊರಿನಿಂದ ಆರಿಸಿ ಬಂದಿದ್ದ ಬಾರ್ಬರಾ ಕಾಸಲ್ ಇದ್ದಳು. ಮರುವರ್ಷ, 1949ರಲ್ಲಿ, ರಾಷ್ಟ್ರೀಯ ಉದ್ಯಾನಗಳ ಕಾನೂನಾಯಿತು. 1965ರಲ್ಲಿ 268 ಮೈಲಿಯ ಪೆನೈನ್ ವೇ ತೆರೆಯಿತು. ಅದೇ ಬಾರ್ಬರಾ ಕಾಸಲ್ ಮುಂದೆ ಉದ್ಯೋಗ ಮಂತ್ರಿಯಾದಳು. ಡ್ಯಾಗೆನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಗಾದಿ ಹೊಲಿಯುತ್ತಿದ್ದ ಹೆಂಗಸರು 1968ರಲ್ಲಿ ಹೊಲಿಗೆಯಂತ್ರ ನಿಲ್ಲಿಸಿ ಹೊರಗೆ ಬಂದಾಗ ಅವರನ್ನು ಕರೆದು ಕೂರಿಸಿ ಮಾತನಾಡಿದವಳು ಅವಳು. 1970ರಲ್ಲಿ ಸಮಾನ ವೇತನದ ಕಾನೂನು ತಂದವಳೂ ಅವಳೇ. ದಾರಿಯ ಕಾನೂನನ್ನೂ ಕೂಲಿಯ ಕಾನೂನನ್ನೂ ನಾನು ಒಂದೇ ಉಸಿರಿನಲ್ಲಿ ಹೇಳುತ್ತಿರುವುದು ಸುಮ್ಮನೆ ಅಲ್ಲ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಪೆನೈನ್ ದಾರಿಯ ಹಲವು ಕಡೆ ನೆಲ ಕಪ್ಪು ಜೌಗು, ಮೊಣಕಾಲುದ್ದ ಹೂಳು. ಸಾವಿರಾರು ಜನರ ಕಾಲಿಗೆ ಸಿಕ್ಕಿ ಅದು ಕೆಸರಿನ ಹೊಂಡವಾಗಿತ್ತು. ಅಲ್ಲಿಗೆ ಹಾಸಲು ಚಪ್ಪಡಿ ಎಲ್ಲಿಂದ ತಂದರು? ಲ್ಯಾಂಕಷೈರಿನ ಹತ್ತಿಗಿರಣಿಗಳು ಒಂದೊಂದಾಗಿ ಮುಚ್ಚಿ, ಕಟ್ಟಡಗಳನ್ನು ಕೆಡವಿದಾಗ ನೆಲಕ್ಕೆ ಹಾಸಿದ್ದ ದೊಡ್ಡ ಚಪ್ಪಡಿಗಳು ಉಳಿದವು. ಅವನ್ನು ಹೆಲಿಕಾಪ್ಟರಿನಲ್ಲಿ ಮೇಲಕ್ಕೆ ಒಯ್ದು ಜೌಗಿನ ಮೇಲೆ ಹಾಸಿದರು. ಆ ಗಿರಣಿಗಳ ಮಗ್ಗದ ಮನೆಗಳಲ್ಲಿ ನಿಂತು ದುಡಿದವರಲ್ಲಿ ಹೆಚ್ಚಿನವರು ಹೆಂಗಸರು. ಆ ಕಾಲದಲ್ಲಿಯೇ ಅಲ್ಲಿಯ ನೇಕಾರರ ಸಂಘಗಳು ಹೆಣ್ಣಿಗೂ ಗಂಡಿಗೂ ಗಜಕ್ಕೆ ಒಂದೇ ದರ ಎಂದು ಬರೆಸಿಕೊಂಡಿದ್ದವು. ಅವರು ನಿಂತು ನಿಂತು ಸವೆಸಿದ ಕಲ್ಲು ಈಗ ಬೆಟ್ಟದ ಮೇಲಿದೆ. ಆ ಗಿರಣಿಗಳ ಬಟ್ಟೆ ನಮ್ಮ ದೇಶದ ಮಗ್ಗಗಳಿಗೆ ಏನು ಮಾಡಿತೆಂಬುದು ನಿಮಗೆಲ್ಲ ಗೊತ್ತು. ಆದರೂ ಆ ಹೆಂಗಸರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಇಂದಿನ ಸ್ಥಿತಿ ಹೇಗಿದೆ? ಹೆಂಗಸರು ಈ ಕೆಲಸಕ್ಕೆ ಬಂದಿದ್ದಾರೆ. ರೇಂಜರುಗಳಾಗಿದ್ದಾರೆ, ಕಲ್ಲು ಕೂರಿಸುತ್ತಾರೆ, ತಂಡ ನಡೆಸುತ್ತಾರೆ. 1975ರಿಂದ ಅಲ್ಲಿ ಲಿಂಗದ ಆಧಾರದ ಮೇಲೆ ಕೆಲಸ ನಿರಾಕರಿಸುವುದು ಕಾನೂನುಬಾಹಿರ. ಆದರೂ ಹಾರೆ ಹಿಡಿದವರಲ್ಲಿ ಗಂಡಸರೇ ಹೆಚ್ಚು. ಏಕೆಂದು ಹುಡುಕುತ್ತ ಹೋದರೆ ಕಲ್ಲಿನ ತೂಕ ಎಲ್ಲಿಯೂ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಬೇರೆ. ಬೂಟು, ಕೈಗವಸು, ಮಳೆಯಂಗಿ ಗಂಡಿನ ಅಳತೆಗೆ ಹೊಲಿದವು; ದೊಡ್ಡ ಕೈಗವಸಿನಲ್ಲಿ ಬೆರಳು ಕಲ್ಲಿನಡಿ ಸಿಕ್ಕುವ ಅಪಾಯ ಹೆಚ್ಚು. ಕೆಲಸದ ಜಾಗಕ್ಕೆ ದಿನವೂ ಒಂದೆರಡು ಗಂಟೆ ಹತ್ತಿ ಹೋಗಬೇಕು, ಅಲ್ಲಿ ಶೌಚದ ಅನುಕೂಲವಿಲ್ಲ. ನಮ್ಮ ಘಟ್ಟದಲ್ಲಿ ಮರದ ಮರೆಯಾದರೂ ಇದೆ. ಅಲ್ಲಿ ನೂರಾರು ವರ್ಷ ಕುರಿ ಮೇಯ್ದು ಬೆಟ್ಟ ಬೋಳಾಗಿದೆ. ತಿಂಗಳ ಆ ಮೂರು ನಾಲ್ಕು ದಿನ ಏನು ಮಾಡುವುದು? ಈ ಪ್ರಶ್ನೆಯನ್ನು ಅಲ್ಲಿಯೂ ಹೆಂಗಸೇ ಬಾಯಿ ಬಿಟ್ಟು ಕೇಳಬೇಕು, ಮೇಲಿನವರಿಗೆ ತಾನಾಗಿ ಹೊಳೆಯುವುದಿಲ್ಲ. ಒಂದು ಮಡಚುವ ಗುಡಾರಕ್ಕೆ ಎಷ್ಟು ಖರ್ಚು? ಹೆಲಿಕಾಪ್ಟರಿನ ಒಂದು ಹಾರಾಟಕ್ಕಿಂತ ಕಡಿಮೆ.

ಇದಕ್ಕಿಂತ ದೊಡ್ಡ ಅಡ್ಡಿ ಕೂಲಿಯದು. ದಾರಿಯ ಕೆಲಸಕ್ಕೆ ಹಣ ಬರುವುದು ಅನುದಾನ, ದೇಣಿಗೆಗಳಿಂದ. ಅನುದಾನ ಇರುವಷ್ಟು ದಿನ ಕೆಲಸ, ಮುಗಿದರೆ ಇಲ್ಲ. ಹೀಗೆ ತಿಂಗಳ ಲೆಕ್ಕದ ಕರಾರಿಗೆ ಬರುವವರು ಕಣಿವೆಯಲ್ಲಿ ಮನೆ ಹಿಡಿಯಬೇಕು. ಅಲ್ಲಿ ಪಟ್ಟಣದ ಹಣವಂತರು ರಜೆ ಕಳೆಯಲು ಮನೆ ಕೊಂಡು ಕೊಂಡು, ದುಡಿಯುವವರಿಗೆ ಬಾಡಿಗೆಯೇ ನಿಲುಕದಂತಾಗಿದೆ. ಒಂಟಿ ಯುವಕ ಹೇಗೋ ವ್ಯಾನಿನಲ್ಲಿ ಮಲಗಿ ಕಾಲ ಕಳೆದಾನು. ಕಂಕುಳಲ್ಲಿ ಕೂಸಿರುವವಳು ಏನು ಮಾಡಬೇಕು? ಇನ್ನು ಉಳಿದುದು ಸ್ವಯಂಸೇವೆ. ಸ್ವಯಂಸೇವೆಯನ್ನು ನಾನು ಹಳಿಯುವುದಿಲ್ಲ. ಅಮೆರಿಕದಲ್ಲಿ 1955ರಲ್ಲಿ ಎಲಿಜಬೆತ್ ಟೈಟಸ್ ಎಂಬ ವಿದ್ಯಾರ್ಥಿನಿ ತನ್ನ ಪದವಿಯ ಪ್ರಬಂಧದಲ್ಲಿ ಈ ಯೋಚನೆ ಮಾಡಿ, 1957ರಲ್ಲಿ ಎರಡು ರಾಷ್ಟ್ರೀಯ ಉದ್ಯಾನಗಳಿಗೆ ವಿದ್ಯಾರ್ಥಿಗಳ ತಂಡ ಕಳುಹಿಸಿದಳು, ಆ ಮೂಲಕ ಅನೇಕ ಹುಡುಗಿಯರಿಗೆ ಬಾಗಿಲು ತೆರೆಯಿತು. ಆದರೆ ಕೂಲಿಯಿಲ್ಲದ ದಿನವನ್ನು ಕೊಡಬಲ್ಲವರು ಯಾರು? ಪಿಂಚಣಿ ಬರುವವರು, ಮನೆಯಲ್ಲಿ ಇನ್ನೊಬ್ಬರ ಸಂಬಳ ಇರುವವರು. ಬೆಟ್ಟದಿಂದ ಇಳಿದು ಅಡಿಗೆ ಮಾಡಬೇಕಾದವಳು ಅಲ್ಲ. ಹೆಂಗಸಿನ ಕೆಲಸಕ್ಕೆ ‘ಪ್ರೀತಿ’ ಎಂದು ಹೆಸರಿಟ್ಟು ಕೂಲಿ ತಪ್ಪಿಸುವ ವಿದ್ಯೆ ಬಹಳ ಹಳೆಯದು. ಅದೇ ವಿದ್ಯೆ ಬೆಟ್ಟ ಹತ್ತಿದರೆ ನಾವು ಗುರುತು ಹಿಡಿಯಬೇಕು.

ನಮ್ಮ ಕಡೆಗೆ ಬರುತ್ತೇನೆ, ಬೇಗ ಮುಗಿಸುತ್ತೇನೆ. 2024ರ ಜನವರಿಯಲ್ಲಿ ರಜೆ ಕೂಡಿ ಬಂದು ಕುಮಾರಪರ್ವತಕ್ಕೆ ಜನಜಾತ್ರೆಯೇ ನುಗ್ಗಿತು. ಆ ಬಳಿಕ ಸರ್ಕಾರ ಚಾರಣದ ದಾರಿಗಳಿಗೆ ಮುಂಗಡ ಟಿಕೆಟ್ಟು ಮತ್ತು ದಿನಕ್ಕೆ 300 ಜನರ ಮಿತಿ ತಂದಿತು. ಕಾಲುಗಳ ಲೆಕ್ಕ ಇಟ್ಟದ್ದು ಒಳ್ಳೆಯದು. ಆದರೆ ಮುನ್ನೂರು ಜನ ದಿನವೂ ನಡೆದರೂ ಚರಂಡಿ ಕಟ್ಟಿದ ದಾರಿ ಒಂದು ಮಳೆಗಾಲಕ್ಕೆ ಕೊರಕಲಾಗುತ್ತದೆ, ಆಗುಂಬೆಯ ಸೀಮೆಯ ಮಳೆ ಎಂಥದೆಂದು ಹೇಳಿದೆನಷ್ಟೆ. ಚರಂಡಿ ಬಿಡಿಸಲು, ಕಲ್ಲು ಕೂರಿಸಲು ಬೆಟ್ಟದ ಬುಡದ ಊರುಗಳಲ್ಲಿ ಕೈಗಳಿವೆ, ಈ ಚಾಪೆಯ ಮೇಲೆಯೇ ಇವೆ. ಟಿಕೆಟ್ಟಿನ ಹಣದಲ್ಲಿ ಒಂದು ಪಾಲು ಆ ಕೈಗಳಿಗೆ ಕೂಲಿಯಾಗಿ ಹೋಗಬೇಕೆಂದು ಕೇಳುವುದು ಅತಿಯಾಸೆಯೆ? ಕೇಳುವಾಗ ಅಲ್ಲಿಯವರು ಕಲಿತ ಪಾಠವನ್ನು ಕೈಯಲ್ಲಿ ಹಿಡಿದೇ ಕೇಳಬೇಕು. ಹಾಜರಿ ಪುಸ್ತಕದಲ್ಲಿ ಹೆಸರು, ನಮ್ಮ ಅಳತೆಯ ಬೂಟು, ಮೇಲೆ ಒಂದು ಗುಡಾರ, ಕೂಸಿಗೆ ಕೆಳಗೆ ಒಂದು ತೊಟ್ಟಿಲು, ಗಂಡಾಳಿಗೆ ಎಷ್ಟೋ ಹೆಣ್ಣಾಳಿಗೂ ಅಷ್ಟು. ನಮ್ಮ ದೇಶದಲ್ಲಿಯೂ 1976ರಲ್ಲೇ ಸಮಾನ ವೇತನದ ಕಾನೂನಾಯಿತು. ಆದರೂ ಜಲ್ಲಿ ರಾಶಿಯ ಬಳಿ ಸಂಜೆ ಬಟವಾಡೆಯಾಗುವಾಗ ಯಾರ ಕೈಗೆ ಎಷ್ಟು ನೋಟು ಬೀಳುತ್ತದೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಊಟದ ನಂತರದ ಬೈಠಕ್ಕಿನಲ್ಲಿ ಕೂಲಿದರದ ಅರ್ಜಿಯ ಕರಡನ್ನು ಓದುತ್ತಾರೆ. ಅದರಲ್ಲಿ ‘ಗಂಡಾಳು’, ‘ಹೆಣ್ಣಾಳು’ ಎಂದು ಎರಡು ಕಲಮುಗಳಿರುವುದನ್ನು ಬೆಳಿಗ್ಗೆ ನೋಡಿದೆ. ಒಂದೇ ಕಲಮು ಸಾಕೆಂದು ನಾನು ತಿದ್ದುಪಡಿ ಸೂಚಿಸಲಿದ್ದೇನೆ. ಅನುಮೋದಿಸಲು ಒಬ್ಬರು ಬೇಕು.